ನಿನ್ನಮ್ಮ ಹೊರಗೆ ಆಡಿದ ಮಾತು

ಮಾರ್ಚ್ ೧೪, ಭಾನುವಾರ

ಮುದ್ದು ಮಗಳೇ,

ನಾನು ಚೆನ್ನಾಗಿದ್ದೇನೆ. ನಿನ್ನ ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಕೋಲಿಲ್ಲದೆ ಮೆಟ್ಟಿಲು ಇಳಿಯುವ ಸಾಹಸಕ್ಕೆ ಹೋಗಬೇಡ. ಅಮ್ಮನ ನೆನಪಿನ ಸಭೆ ಮುಗಿದ ಮಾರನೆಯ ದಿನವೇ ಬರೆಯುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೆ. ಎರಡು ವಾರವಾಯಿತು, ಬೈದುಕೋ. ಕೂತಾಗಲೆಲ್ಲ ನಾಲ್ಕು ಸಾಲು ಬರೆದು ಹರಿದು ಹಾಕಿದೆ.

ನೀನು ಅಂದದ್ದು ಮನಸ್ಸಿನಲ್ಲೇ ಇತ್ತು. "ಅಪ್ಪಾ, ಅಮ್ಮ ಅರ್ಧ ಮಾತ್ರ ನಮ್ಮನೇಲಿದ್ಲು. ಇನ್ನರ್ಧ ಸಭೆಗೆ ಬರೋರ ಹತ್ರ ಇದೆ. ಹೋಗಿ ಕೇಳ್ಕೊಂಡು ಬಾ." ನನಗೂ ಅದೇ ಆಸೆ. ನಾನು ಕೇಳದಿರುವ ಅವಳ ಒಂದು ಮಾತು ಯಾರ ಬಾಯಿಂದಾದರೂ ಬರಲಿ ಎಂದು ಜೀವ ಕಾಯುತ್ತಿತ್ತು.

ಸಮಾಜ ಕಾರ್ಯಕರ್ತೆಯಾಗಿ ಅಷ್ಟು ವರ್ಷ ಮನೆ ಮನೆ ತಿರುಗಿದಳು. ಒಬ್ಬರ ಹೆಸರನ್ನಾದರೂ ನಮ್ಮ ಮುಂದೆ ಹೇಳಿದಳೇ? "ಇವತ್ತು ನೀಲಿ ಬಾಗಿಲು ತುಂಬಾ ಅತ್ತಳು", "ಕೆಮ್ಮಿನ ಹುಡುಗ ಸ್ಕೂಲಿಗೆ ಹೋದ", ಹೀಗೆ ತಾನೇ ಇಟ್ಟ ಅಡ್ಡಹೆಸರು, ಅಷ್ಟೇ. ಹೆಚ್ಚಿಗೆ ಕೆದಕಿದರೆ "ನೀವು ನಿಮ್ಮ ಹೊಲಿಗೆ ಮಿಷನ್ ತುಳೀರಿ" ಎನ್ನುತ್ತಿದ್ದಳು. ನಿವೃತ್ತಿಯಾದ ಮೇಲಾದರೂ ಹೇಳು ಎಂದೆ. "ಬಿಟ್ಟಿದ್ದು ಆಫೀಸನ್ನ, ಅವರನ್ನಲ್ಲ" ಎಂದಳು.

ಸಭೆ ಅವಳ ಆಫೀಸಿನ ಮಹಡಿಯ ಮೇಲೆ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ಮುಂದೆ ಕೂರಿಸಿದರು. ಇವರಲ್ಲಿ ನೀಲಿ ಬಾಗಿಲು ಯಾರಿರಬಹುದು ಎಂದು ಹಿಂತಿರುಗಿ ನೋಡುವುದೇ ನನ್ನ ಕೆಲಸವಾಯಿತು. ದೊಡ್ಡ ಸಾಹೇಬರು ಸೇವೆ, ತ್ಯಾಗ ಎಂದೆಲ್ಲ ಚೆನ್ನಾಗಿಯೇ ಮಾತಾಡಿದರು. ಅದರಲ್ಲಿ ಅವಳೆಲ್ಲೂ ಕಾಣಲಿಲ್ಲ.

ಆಮೇಲೆ ಲಾಂಡ್ರಿ ಇಟ್ಟುಕೊಂಡಿರುವ ಒಬ್ಬ ಹೆಂಗಸು ಹತ್ತಿರ ಬಂದಳು. "ನಾಳೆ ಅಂದ್ರೆ ನೀವೇನಾ?"

ನಾನು ಪಿಳಿಪಿಳಿ ನೋಡಿದೆ.

"ನಿಮ್ಮ ಹೆಸರೂ ಅಕ್ಕ ಹೇಳಿದವರಲ್ಲ. 'ನಮ್ಮನೇಲಿ ನಾಳೆ ಅಂತ ಒಬ್ರು ಟೈಲರ್ ಇದಾರೆ, ಯಾರು ಬಟ್ಟೆ ಕೇಳಿದ್ರೂ ನಾಳೆ ಅಂತಾರೆ' ಅಂತ ನಗಾಡ್ತಿದ್ರು."

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿನ್ನಮ್ಮ ಹೋದಮೇಲೆ ಅದೇ ಮೊದಲು. ಬಸ್ ಓಡಿಸುವವನೊಬ್ಬ ಮಾತಿಗೆ ಮುಂಚೆ ಎರಡು ಸಲ ಕೆಮ್ಮಿದ, ಇವನೇ ಅವನು ಅಂದುಕೊಂಡೆ. "ಇನ್ಸ್‌ಪೆಕ್ಟರ್ ಬಂದಿಲ್ವಾ?" ಎಂದ. ಅದು ನೀನಂತೆ. ಅಮ್ಮ ತಡವಾಗಿ ಬಂದರೆ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ವಿಚಾರಣೆ ಮಾಡುತ್ತಿದ್ದೆಯಲ್ಲ. "'ಬಿಡ್ರಪ್ಪಾ, ಇನ್ಸ್‌ಪೆಕ್ಟರ್ ಕಾಯ್ತಿರ್ತಾಳೆ' ಅಂತ ಚಪ್ಪಲಿ ಸರಿಯಾಗಿ ಮೆಟ್ಟದೆ ಓಡ್ತಿದ್ರು" ಎಂದ. ಓಡುತ್ತಿದ್ದಳಂತೆ ಮಗಳೇ. ನಾವು ಕಂಡದ್ದು ಬಾಗಿಲಲ್ಲಿ ಸುಸ್ತಾಗಿ ನಿಂತವಳನ್ನು ಮಾತ್ರ.

ನೀಲಿ ಬಾಗಿಲು ಯಾರೆಂದು ಕೊನೆಗೂ ಕೇಳಲಿಲ್ಲ. ಕೇಳಿದ್ದರೆ ಅಮ್ಮನಿಗೆ ಇಷ್ಟವಾಗುತ್ತಿರಲಿಲ್ಲ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನಿನ್ನ ಕಾಲು ಬೇಗ ಗಟ್ಟಿಯಾಗಲಿ, ಮನೆಯಲ್ಲಿ ನಿನ್ನ ವಿಚಾರಣೆಗಳು ಹೀಗೇ ನಡೆಯುತ್ತಿರಲಿ ಎಂದು ಹರಸುವ,

ಅಪ್ಪ

ಮತ್ತೆ: ಇಷ್ಟು ಬರೆದು ಕವರಿಗೆ ಹಾಕಿ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಇದನ್ನು ಫೋನಿನಲ್ಲಿ ಹೇಳಲು ನನ್ನ ಕೈಲಾಗದು.

ನಿನಗೊಬ್ಬ ಅಣ್ಣ ಇದ್ದ. ಹುಟ್ಟಿ ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟ. ಅಮ್ಮ ಹಾಸಿಗೆ ಹಿಡಿದಳು. ಅವಳ ಮುಂದೆ ಮಗುವಿನ ಸುದ್ದಿ ಎತ್ತಬೇಡಿ ಎಂದು ಡಾಕ್ಟರು ಹೇಳಿದರು. ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಆಮೇಲೆ ನೀನು ಹುಟ್ಟಿದೆ. ಅವಳು ಮರೆತಿರಬೇಕು, ಒಳ್ಳೆಯದೇ ಆಯಿತು ಅಂದುಕೊಂಡು ಇಡೀ ಜೀವಮಾನ ಸುಮ್ಮನಿದ್ದೆ.

ಲಾಂಡ್ರಿಯವಳ ಮಗುವೂ ಹಾಗೇ ತೀರಿಕೊಂಡಿತ್ತಂತೆ. ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದು ಹೇಳಿದಳು: "ಆಗ ಅಕ್ಕ ನನ್ನ ಪಕ್ಕ ಕೂತು ನಿಮ್ಮ ದೊಡ್ಡವನ ಮಾತು ಎಷ್ಟು ಆಡ್ತಿದ್ರು. ಹಳದಿ ಅಂಗಿ ಹೊಲಿದಿದ್ರಂತಲ್ಲ ನೀವು. ತೋಳು ಉದ್ದ ಆಯ್ತು ಅಂತ ಅಕ್ಕ ಅಂದ್ರೆ, ನೀವು 'ಇರ್ಲಿ ಬಿಡೇ, ಬೆಳೀತಾನೆ' ಅಂದ್ರಂತೆ."

ಹೌದು, ಅಂದಿದ್ದೆ. ಅದು ನನಗೊಬ್ಬನಿಗೇ ನೆನಪಿದೆ ಅಂದುಕೊಂಡಿದ್ದೆ.

ಕಾಲು ವಾಸಿಯಾದ ಮೇಲೆ ಬಂದು ನಾಲ್ಕು ದಿನ ಇರು. ಅವನ ಹಣೆ ನಿನ್ನ ಹಣೆಯ ಹಾಗೇ ಇತ್ತು. ಈ ಮನೆಯಲ್ಲಿ ಒಂದು ಸಲವಾದರೂ ಅವನ ಮಾತು ಆಡಬೇಕು.