ಎಂಟು ಗಂಟೆಯ ದೂರ

ವಸಂತ್ ಕುಂಜ್, ದೆಹಲಿ
೧೪ ನವೆಂಬರ್ ೨೦೨೫

ಪ್ರೀತಿಯ ಲಾವಣ್ಯಾ,

ನೀನೂ ಹೊಟ್ಟೆಯಲ್ಲಿರುವ ಮಗುವೂ ಚೆನ್ನಾಗಿದ್ದೀರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಇಲ್ಲಿ ಹೊಗೆಗೆ ಗಂಟಲು ಕಟ್ಟಿರುವುದೊಂದನ್ನು ಬಿಟ್ಟರೆ ನಾವೂ ಕ್ಷೇಮ. "ಟೋಕಿಯೊಗೆ ಬರೀ ಎಂಟು ಗಂಟೆ ಅಕ್ಕ, ಅಮ್ಮನ ಜೊತೆಯಂತೂ ಬರಲಿಲ್ಲ, ಹೆರಿಗೆ ಹೊತ್ತಿಗಾದರೂ ಬಾ" ಎಂದು ನೀನು ಬರೆದು ಎರಡು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ.

ಅಮ್ಮನ ವಿಷಯ ಮೊದಲು ಹೇಳುತ್ತೇನೆ. ಊರಿಂದ ಇಲ್ಲಿಯ ತನಕ ರೈಲಿನಲ್ಲಿ ಬಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದವಳು ಸುಮಾರು ಐದು ಸಾವಿರದ ಎಂಟುನೂರು ಕಿಲೋಮೀಟರ್ ಒಬ್ಬಳೇ ಹೋಗಿದ್ದಾಳೆ. "ಭಯ ಇಲ್ವಾ ಅತ್ತೆ?" ಎಂದು ನಿನ್ನ ಭಾವ ಕಿಶನ್ ಕೇಳಿದರೆ, "ಮೈಸೂರಿಂದ ಹುಬ್ಬಳ್ಳಿಗೆ ಬಸ್ಸಲ್ಲಿ ಹೋದಷ್ಟೇ ಹೊತ್ತು ಅಂತೀರಿ. ಅದರಲ್ಲೂ ಪಕ್ಕದಲ್ಲಿ ಕೋಳಿ ಹಿಡಿದು ಕೂತೋರು ಇರಲ್ಲ. ಭಯ ಯಾಕಪ್ಪ?" ಎಂದಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡಿದ ಕಾವಲಿನ ಪೊಲೀಸ್, "ಅಕೇಲೀ, ಮಾತಾಜೀ?" ಎಂದ, ಒಬ್ಬರೇ ಹೋಗುತ್ತೀರಾ ಅಂತ. ಹಿಂದಿ ಬಾರದ ಅಮ್ಮ ಗಂಭೀರವಾಗಿ, "ಬಾಣಂತನಕ್ಕೆ ಕಣಪ್ಪ, ಎರಡನೇ ಮಗಳು" ಎಂದಳು. ಅವನಿಗೆ ಏನು ಅರ್ಥವಾಯಿತೋ, "ಅಚ್ಛಾ, ಚಲೋ" ಎಂದು ಕೈಚೀಲ ಎತ್ತಿಕೊಟ್ಟ. ಒಣಶುಂಠಿ, ಓಮ, ಅಂಟಿನುಂಡೆ ತುಂಬಿದ ಆ ಚೀಲವನ್ನು ಹೆಗಲಿಗೇರಿಸಿಕೊಂಡು ಅವಳು ತಿರುಗಿಯೂ ನೋಡದೆ ನಡೆದ ರೀತಿ ನನಗೆ ಬಹಳ ಇಷ್ಟವಾಯಿತು.

ಹೊರಟವರು ಊರು ಮುಟ್ಟುವ ತನಕ ಮನೆ ಗುಡಿಸಬಾರದು ಎಂದು ಹೇಳಿಯೇ ಹೋಗಿದ್ದಳಲ್ಲ. ಮರುದಿನ ಬೆಳಗ್ಗೆ ಕೆಲಸದವಳು ಬಂದಾಗ, ವಿಮಾನ ಇಳಿಯುವುದು ಎಂಟಕ್ಕೆ, ಆಮೇಲೆ ಬಾ ಎಂದು ಕಳಿಸಿದೆ. ಕಿಶನ್ ನಕ್ಕು, "ಎಂಟು ಅನ್ನೋದು ಜಪಾನಿನ ಗಂಟೆ ಮಾರಾಯ್ತಿ, ನಮಗಿಂತ ಮೂರೂವರೆ ಗಂಟೆ ಮುಂದೆ. ಅತ್ತೆ ಇಷ್ಟು ಹೊತ್ತಿಗೆ ಅಲ್ಲಿಯ ಮನೆ ಗುಡಿಸ್ತಿರ್ತಾರೆ" ಎಂದರು. ಎಲ್ಲವನ್ನೂ ಎರಡೆರಡು ಸಲ ನೋಡುವ ನಾನು ಇದರಲ್ಲಿ ತಪ್ಪಿದೆ.

ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ದೊಡ್ಡ ಪ್ರಯಾಣಗಳು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತವೆ. ಅಮ್ಮ ಅದಕ್ಕಿಂತ ಚಿಕ್ಕದಾಗಿ ಮುಗಿಸಿದಳು: "ಕೂತೆ, ಇಳಿದೆ."

ನಾನು ಬರುವ ಮಾತು: ಓಖ್ಲಾದ ನಮ್ಮ ಪ್ರೆಸ್ಸಿನಲ್ಲಿ ಈಗ ಕೆಲಸ ಹೆಚ್ಚು, ರಜೆ ಕಷ್ಟ. ಅಮ್ಮನ ಕೈಯಲ್ಲಿದ್ದೀಯ, ನಿನಗೆ ಯಾವ ಕೊರತೆಯೂ ಆಗದು. ಸುಖವಾಗಿ ಹೆತ್ತು ಎದ್ದು ಕೂರು. ಮಗುವಿಗೆ ದೊಡ್ಡಮ್ಮನ ಆಯಸ್ಸೂ ಸೇರಲಿ.

ನಿನ್ನ ಅಕ್ಕ,
ದೇವಕಿ

ತಾ.ಕ.: ರಜೆ ಕೇಳಿದರೆ ಸಿಗುತ್ತದೆ. ಮೊದಲು ನಾವು ಇಲ್ಲೇ ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದಾಗ ನನ್ನ ಮಗು ಹೋದದ್ದು ನಿನಗೆ ಗೊತ್ತು. ಆ ದಿನ ಆಸ್ಪತ್ರೆಯಿಂದ ಫೋನ್ ಮಾಡಿ ಅಮ್ಮನನ್ನು ಬಾ ಎಂದು ಕರೆದಿದ್ದೆ ಎಂಬುದು ಗೊತ್ತಿಲ್ಲ. "ಅಷ್ಟು ದೂರ ಹೇಗೆ ಬರಲಮ್ಮ, ನೀನೇ ಧೈರ್ಯ ತಂದ್ಕೋ" ಎಂದಳು. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಆಗಲೂ ಮೂರು ಗಂಟೆಯೊಳಗಿನ ದಾರಿ. ಅವಳು ನಿನ್ನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ನಾನು ಪಕ್ಕದಲ್ಲಿ ಬಿಸಿನೀರು ಹಿಡಿದು ನಿಲ್ಲಬೇಕಲ್ಲ, ಅದು ನನ್ನಿಂದ ಆಗುವುದಿಲ್ಲ ಲಾವಣ್ಯಾ.