ಬೂದಿಗೆರೆಯ ರಬ್ಬರ್ ಕಪ್ಪೆ

ಬೂದಿಗೆರೆ, ಭಾನುವಾರ ಸಂಜೆ

ಅಕ್ಕಾ,

ಫೋನಿನಲ್ಲಿ ಹೇಳಿದರೆ ಮನೆಯವರಿಗೆಲ್ಲ ಕೇಳಿಸುತ್ತದೆ, ಅದಕ್ಕೇ ಈ ಕಾರ್ಡು. ನಿನ್ನ ಅಳಿಯ ನವೀನ್‌ಕುಮಾರ್ ಮೀನು ಹಿಡಿಯುವುದನ್ನು ಅಮೆರಿಕದ ವಿಡಿಯೋ ನೋಡಿ ಕಲಿತಿದ್ದಾನೆ. ಅಲ್ಲಿ ಬಾಸ್ ಅಂತ ಒಂದು ಮೀನಂತೆ. ಇಲ್ಲಿನ ಕೆರೆಯಲ್ಲಿ ಅದರ ಸುಳಿವೇ ಇಲ್ಲ, ಆದರೂ ಅದನ್ನು ಹಿಡಿಯುವ ಕೋಲುಗಳು ಮನೆ ತುಂಬ ನಿಂತಿವೆ. ಇವತ್ತು ದಡದಲ್ಲಿ ಯಾವ ಕೋಲು, ಯಾವ ಬಣ್ಣದ ಪ್ಲಾಸ್ಟಿಕ್ ಎರೆ ಅಂತ ಮದುವೆ ಸೀರೆ ಆರಿಸುವವರ ಹಾಗೆ ಆರಿಸಿದ. ಕೊನೆಗೆ ತೆಗೆದದ್ದು ರಬ್ಬರ್ ಕಪ್ಪೆ!

"ಮಾವ, ಕೆರೆ ತುಂಬ ಅಂತರಗಂಗೆ. ಬಳುಕೋ ಕೋಲು ಆಗಲ್ಲ, ಗಟ್ಟಿದೇ ಬೇಕು. ಈ ಕಪ್ಪೇಲಿ ಗಾಳದ ಮುಳ್ಳು ಬೆನ್ನಿಗೆ ಅಂಟ್ಕೊಂಡಿರುತ್ತೆ, ಗಿಡಕ್ಕೆ ಸಿಕ್ಕಾಕ್ಕೊಳಲ್ಲ" ಅಂದ.

"ಏನಪ್ಪಾ, ಮೀನಿಗೆ ರಬ್ಬರ್ ತಿನ್ನಿಸ್ತೀಯಾ?" ಅಂದು ನಾನು ನಮ್ಮ ಕಾವೇರಿಯಲ್ಲಿ ಹಾಕುವಂತೆ ರಾಗಿ ಹಿಟ್ಟಿನ ಉಂಡೆ ಹಾಕಿದೆ. ಅದು ನೀರನ್ನೇ ಮುಟ್ಟದೆ ಅಂತರಗಂಗೆಯ ಎಲೆ ಮೇಲೆ ಕೂತಿತು. ನೀರುಕೋಳಿ ಬಂದು ಕುಕ್ಕಿ ಕುಕ್ಕಿ ಖಾಲಿ ಮಾಡಿತು.

ಅವನ ಕಪ್ಪೆ ಅದೇ ಎಲೆಗಳ ಮೇಲೆ ಕುಪ್ಪಳಿಸುತ್ತ ಹೋಯಿತು. ಮೊಳದುದ್ದದ ಕೊರಮೀನು ಬಾಯಿ ಹಾಕಿತು. ಬುದ್ಧಿಗೇಡಿ ಮೀನು! ನಮ್ಮ ಹೊಳೆಯದಾಗಿದ್ದರೆ ಮೂಸಿಯೂ ನೋಡುತ್ತಿರಲಿಲ್ಲ.

ಆ ಮೀನಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಮೂರು ಸಲ ಹಾಕಿಸಿಕೊಂಡೆ. ಮಂಡಿ ನೋವು ಪರವಾಗಿಲ್ಲ, ಶನಿವಾರದ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ಸಂತೆ ಬೀದಿಯ ಗಾಳದ ಅಂಗಡಿಯಲ್ಲಿ ರಬ್ಬರ್ ಕಪ್ಪೆ ಇದೆಯಾ ಕೇಳಿಡು. ಯಾರಿಗೆ ಅಂತ ಕೇಳಿದರೆ ಅಳಿಯನಿಗೆ ಅನ್ನು.

ನಿನ್ನ ತಮ್ಮ,
ಚಿಕ್ಕಲಿಂಗಯ್ಯ