ಬುಗ್ಗೆಯ ದಂಡೆಯಲ್ಲಿ ಬ್ಯಾಗು ಕಾದದ್ದು

ಅಕ್ಟೋಬರ್ ೧೯, ಭಾನುವಾರ. ಡೌನರ್ಸ್ ಗ್ರೋವ್.

ಕೊಲೊರಾಡೋದಿಂದ ಮನೆಗೆ ಬಂದಾಯಿತು. ಮಂಡಿ ಮಾತ್ರ ಹೋಗುವಾಗ ಹೇಗೆ ನೋಯುತ್ತಿತ್ತೋ ಹಾಗೇ ನೋಯುತ್ತಿದೆ. ಈ ಪ್ರವಾಸ ಹೊರಟದ್ದೇ ನನ್ನ ಮಂಡಿಗಾಗಿಯಂತೆ. ‘ಭಾನುನ ಹಾಟ್ ಸ್ಪ್ರಿಂಗ್ಸ್‌ಗೆ ಕರ್ಕೊಂಡು ಹೋಗ್ತಿದೀನಿ’ ಎಂದು ನನ್ನ ಗಂಡ ಪ್ರಕಾಶ್ ಬೇಸಿಗೆಯಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಬೆಟ್ಟಗಳ ನಡುವೆ ಬಿಸಿನೀರ ಬುಗ್ಗೆಯ ಹಬೆಯಾಡುವ ಕೊಳ, ಸುತ್ತ ಹಳದಿ ತಿರುಗಿದ ಮರಗಳು, ಮೇಲೆ ಶಿಖರದಲ್ಲಿ ಹಿಮ. ಎಲ್ಲವನ್ನೂ ಬೆಂಚಿನ ಮೇಲೆ ಕೂತೇ ನೋಡಿದೆ, ಮಡಿಲ ತುಂಬ ಬ್ಯಾಗು.

‘ಪಾಸ್‌ಪೋರ್ಟ್ ಎಲ್ಲಾ ಅದ್ರಲ್ಲೇ ಇದೆ, ಸ್ವಲ್ಪ ನೋಡ್ಕೊಂಡಿರು. ನಾವು ಬಂದ್ಮೇಲೆ ನೀನು ಇಳಿ’ ಅಂದರು ಪ್ರಕಾಶ್. ಮೈಸೂರಿನ ಕಲ್ಯಾಣಮಂಟಪದಿಂದ ಹಿಡಿದು ಓಹೇರ್ ಏರ್‌ಪೋರ್ಟಿನವರೆಗೆ ಬ್ಯಾಗು ಕಾಯುವವಳು ನಾನೇ.

ಅವರೂ ಮಗಳು ವಿನಿತಾಳೂ ಮೇಲೆ ಬರುವಷ್ಟರಲ್ಲಿ ನಮ್ಮ ಟಿಕೆಟ್ಟಿನ ಹೊತ್ತು ಮುಗಿದಿತ್ತು. ‘ಅಯ್ಯೋ, ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ ಕಣೇ’ ಅಂದರು. ‘ನೆಕ್ಸ್ಟ್ ಟೈಮ್, ಅಮ್ಮಾ’ ಅಂದಳು ಮಗಳು. ನೆಂದ ಟವೆಲ್ಲುಗಳನ್ನು ನನ್ನ ಕೈಗೇ ಕೊಟ್ಟರು. ಅವು ಇನ್ನೂ ಬೆಚ್ಚಗಿದ್ದವು. ನನಗೆ ಸಿಕ್ಕ ಬುಗ್ಗೆ ಅಷ್ಟೇ.

ಈಗ ಪ್ರಕಾಶ್ ನೆಂಟರ ಗ್ರೂಪಿಗೆ ತಾವು ತೆಗೆದ ನನ್ನ ಫೋಟೋ ಹಾಕಿದ್ದಾರೆ, ‘ಭಾನು ಎಂಜಾಯಿಂಗ್’ ಅಂತ. ದೊಡ್ಡದು ಮಾಡಿ ನೋಡಿದೆ. ಬೆಂಚಿನ ಹಿಂದೆ ಗೋಡೆಯುದ್ದಕ್ಕೂ ಸಾಮಾನು ಇಡುವ ಲಾಕರ್‌ಗಳು. ಎಷ್ಟೋ ಖಾಲಿ, ಬಾಗಿಲಲ್ಲೇ ಬೀಗದ ಕೈ ನೇತಾಡುತ್ತಿದೆ.

ನಾನು ಅವಕ್ಕೆ ಬೆನ್ನು ಮಾಡಿ ಕೂತಿದ್ದೆ, ಕಾಣಲಿಲ್ಲ. ಫೋಟೋ ತೆಗೆದವರು ಎದುರಿಗೇ ನಿಂತಿದ್ದರು.